ಕೊಂಡ ಆಟ ಯಾರ ಸ್ವತ್ತು?

ಗಣಕಯಂತ್ರದ ಆಟಗಳನ್ನು ಅಂತರ್ಜಾಲದ ಮೂಲಕ ಮಾರುವ ಪೋಲೆಂಡಿನ ‘ಗಾಗ್’ ಮಳಿಗೆ 2025ರ ಡಿಸೆಂಬರ್ ಕೊನೆಯಲ್ಲಿ ಕೈ ಬದಲಾಯಿತು. ವಾರ್ಸಾದ ಸಿಡಿ ಪ್ರಾಜೆಕ್ಟ್ ಸಂಸ್ಥೆ ಈ ಅಂಗಸಂಸ್ಥೆಯನ್ನು ತನ್ನದೇ ಸಹಸಂಸ್ಥಾಪಕ ಮಿಹಾವ್ ಕಿಚಿನ್‌ಸ್ಕಿ ಅವರಿಗೆ ಸುಮಾರು 9 ಕೋಟಿ ಝ್ಲೋಟಿಗೆ ಮಾರಿತು. ವ್ಯವಹಾರದ ಗಾತ್ರ ನೋಡಿದರೆ ಇದು ವಾಣಿಜ್ಯ ಪುಟದ ಮೂಲೆಯಲ್ಲಿ ಮುಗಿದುಹೋಗಬೇಕಾದ ಸುದ್ದಿ. ಆದರೆ ಮಾರಾಟದ ಪ್ರಕಟಣೆಯ ಜತೆಗೇ ಗ್ರಾಹಕರಿಗೆ ಒಂದು ಭರವಸೆಯನ್ನೂ ನೀಡಲಾಯಿತು. ಆಟಗಳನ್ನು ಬೀಗ ಹಾಕದೆ ಮಾರುವ ಮಳಿಗೆಯ ನೀತಿ ಮುಂದುವರಿಯುತ್ತದೆ, ಈಗಾಗಲೇ ಕೊಂಡ ಆಟಗಳಿಗೆ ಧಕ್ಕೆಯಿಲ್ಲ ಎಂಬುದೇ ಆ ಭರವಸೆ.

ಬೀದಿಯ ದಿನಸಿ ಅಂಗಡಿಯ ಮಾಲೀಕರು ಬದಲಾದರೆ ಹೋದ ತಿಂಗಳು ಮನೆಗೆ ತಂದ ಅಕ್ಕಿಯ ಬಗ್ಗೆ ಯಾರೂ ಚಿಂತಿಸುವುದಿಲ್ಲ. ಪುಸ್ತಕದಂಗಡಿ ಮುಚ್ಚಿದರೆ ಮನೆಯ ಕಪಾಟಿನ ಪುಸ್ತಕ ಮಾಯವಾಗುವುದಿಲ್ಲ. ಆದರೆ ಡಿಜಿಟಲ್ ಮಳಿಗೆಯೊಂದು ಮಾರಾಟವಾದಾಗ, ಹಣ ಕೊಟ್ಟು ಕೊಂಡ ಪದಾರ್ಥ ಉಳಿಯುತ್ತದೆಯೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅಂಗಡಿಯವರೇ ಮುಂದೆ ಬಂದು ‘ಉಳಿಯುತ್ತದೆ’ ಎಂದು ಹೇಳಬೇಕಾಗುತ್ತದೆ. ಇಪ್ಪತ್ತು ವರ್ಷಗಳಲ್ಲಿ ‘ಖರೀದಿ’ ಎಂಬ ಪದದ ಅರ್ಥ ಎಷ್ಟು ಬದಲಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಖರೀದಿಯ ಹೆಸರಿನಲ್ಲಿ ಪರವಾನಗಿ

ಈ ಬದಲಾವಣೆಯ ಮೂಲ ಇರುವುದು ಅಮೆರಿಕದಲ್ಲಿ. ವಾಲ್ವ್ ಎಂಬ ಕಂಪೆನಿ 2003ರ ಸೆಪ್ಟೆಂಬರ್ 12ರಂದು ‘ಸ್ಟೀಮ್’ ಎಂಬ ವ್ಯವಸ್ಥೆಯನ್ನು ಬಿಡುಗಡೆ ಮಾಡಿತು. ತನ್ನ ಆಟಗಳಿಗೆ ಕಾಲಕಾಲಕ್ಕೆ ಸುಧಾರಣೆಗಳನ್ನು ತಲುಪಿಸುವುದು ಆಗ ಅದರ ಮುಖ್ಯ ಉದ್ದೇಶವಾಗಿತ್ತು. ಮರುವರ್ಷದ ನವೆಂಬರ್‌ನಲ್ಲಿ ‘ಹಾಫ್ ಲೈಫ್ 2’ ಮಾರುಕಟ್ಟೆಗೆ ಬಂದಾಗ ಚಿತ್ರ ಬದಲಾಯಿತು. ಅಂಗಡಿಯಲ್ಲಿ ಹಣ ಕೊಟ್ಟು ಡಿಸ್ಕ್ ತಂದವರೂ ಸ್ಟೀಮ್‌ನಲ್ಲಿ ಖಾತೆ ತೆರೆದು ನೋಂದಾಯಿಸಿಕೊಳ್ಳದ ಹೊರತು ಆ ಆಟವನ್ನು ಆಡುವಂತಿರಲಿಲ್ಲ. ಡಿಸ್ಕ್ ಕೊಂಡವರ ಕೈಯಲ್ಲಿತ್ತು, ಕೀಲಿಕೈ ಮಾತ್ರ ಮಾರಿದವರ ಬಳಿ ಉಳಿಯಿತು.

ಅಲ್ಲಿಯವರೆಗೆ ಆಟದ ಸೀಡಿಯನ್ನು ಗೆಳೆಯರಿಗೆ ಎರವಲು ಕೊಡಬಹುದಿತ್ತು, ಆಡಿ ಮುಗಿದ ಮೇಲೆ ಅರ್ಧ ಬೆಲೆಗೆ ಮಾರಬಹುದಿತ್ತು, ತಮ್ಮ ತಂಗಿಯರಿಗೆ ಬಿಟ್ಟುಕೊಡಬಹುದಿತ್ತು. ಹೊಸ ವ್ಯವಸ್ಥೆಯಲ್ಲಿ ಈ ಯಾವ ಅನುಕೂಲವೂ ಉಳಿಯಲಿಲ್ಲ. ಸ್ಟೀಮ್‌ನ ಕರಾರು ಪತ್ರ ತನ್ನ ಗ್ರಾಹಕರನ್ನು ಕೊಳ್ಳುಗರು ಎನ್ನದೆ ‘ಚಂದಾದಾರರು’ ಎಂದೇ ಕರೆಯುತ್ತದೆ. ಹಣ ಕೊಟ್ಟವರಿಗೆ ಸಿಗುವುದು ಆಟವನ್ನು ಬಳಸುವ ಪರವಾನಗಿ. ಅದನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸುವಂತಿಲ್ಲ. ಮೃತಪಟ್ಟವರ ಖಾತೆಯನ್ನು ಉಯಿಲಿನ ಮೂಲಕವೂ ಮತ್ತೊಬ್ಬರಿಗೆ ಕೊಡಲಾಗದು ಎಂದು ಸ್ಟೀಮ್‌ನ ಗ್ರಾಹಕ ಸೇವಾ ವಿಭಾಗ ನೀಡಿದ ಉತ್ತರ 2024ರ ಮೇ ತಿಂಗಳಲ್ಲಿ ಸುದ್ದಿಯಾಯಿತು. ತಾತನ ಪುಸ್ತಕದ ಕಪಾಟು ಮೊಮ್ಮಗನಿಗೆ ಬರುತ್ತದೆ. ತಾತನ ಆಟದ ಕಪಾಟು ತಾತನೊಂದಿಗೇ ಹೋಗುತ್ತದೆ.

ಈ ಏರ್ಪಾಟಿನಿಂದ ಗ್ರಾಹಕರಿಗೆ ಲಾಭವೇ ಆಗಿಲ್ಲ ಎನ್ನುವಂತಿಲ್ಲ. ಮನೆಯಲ್ಲೇ ಕುಳಿತು ಕ್ಷಣದಲ್ಲಿ ಕೊಳ್ಳಬಹುದು, ಹಬ್ಬದ ರಿಯಾಯಿತಿಯಲ್ಲಿ ಹೊಸ ಆಟಗಳೂ ಅಗ್ಗಕ್ಕೆ ದೊರೆಯುತ್ತವೆ, ಗಣಕಯಂತ್ರ ಬದಲಾದರೂ ಖಾತೆಯಿಂದ ಮತ್ತೆ ಇಳಿಸಿಕೊಳ್ಳಬಹುದು. ಡಿಸ್ಕ್ ಗೀರುಬಿದ್ದು ಹಾಳಾಗುವ ಭಯವಿಲ್ಲ. ದೊಡ್ಡ ಪ್ರಕಾಶಕರ ಬಾಗಿಲು ತಟ್ಟಲಾಗದ ಇಬ್ಬರು ಮೂವರ ತಂಡಗಳೂ ಜಗತ್ತಿನ ಮಾರುಕಟ್ಟೆಗೆ ತಲುಪಿದ್ದು ಇಂಥ ಮಳಿಗೆಗಳಿಂದಲೇ. 2025ರ ಮಾರ್ಚ್‌ನಲ್ಲಿ ಏಕಕಾಲಕ್ಕೆ 4 ಕೋಟಿಗೂ ಹೆಚ್ಚು ಮಂದಿ ಸ್ಟೀಮ್‌ನಲ್ಲಿ ಸಕ್ರಿಯರಾಗಿದ್ದರು ಎಂಬುದು ಅದರ ಜನಪ್ರಿಯತೆಗೆ ಸಾಕ್ಷಿ. ಆದರೆ ಅನುಕೂಲ ಬೇರೆ, ಹಕ್ಕು ಬೇರೆ. ಮೊದಲನೆಯದು ಅಂಗಡಿಯವರ ಮರ್ಜಿಯಲ್ಲಿ ನಿಂತಿರುತ್ತದೆ, ಎರಡನೆಯದು ಹಾಗಲ್ಲ.

ನಕಲಿ ಪೇಟೆಯಲ್ಲಿ ಕಲಿತ ಪಾಠ

ಇದಕ್ಕೆ ಪರ್ಯಾಯವಾದ ದಾರಿ ಹುಟ್ಟಿದ್ದು ಪೋಲೆಂಡಿನಲ್ಲಿ ಎಂಬುದು ಆಕಸ್ಮಿಕವಲ್ಲ. ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ ಆರಂಭದ ವರ್ಷಗಳಲ್ಲಿ ಆ ದೇಶದಲ್ಲಿ ತಂತ್ರಾಂಶಕ್ಕೆ ಹಕ್ಕುಸ್ವಾಮ್ಯದ ರಕ್ಷಣೆಯೇ ಇರಲಿಲ್ಲ. ಅದು ದೊರೆತದ್ದು 1994ರ ಕಾಯ್ದೆಯಿಂದ. ವಾರ್ಸಾದ ಗ್ರಿಬೊವ್‌ಸ್ಕಾ ಬೀದಿಯ ವಾರಾಂತ್ಯದ ಗಣಕ ಸಂತೆಯಲ್ಲಿ ನಕಲು ಆಟಗಳ ವ್ಯಾಪಾರ ರಾಜಾರೋಷವಾಗಿಯೇ ನಡೆಯುತ್ತಿತ್ತು. ಮಾರ್ಚಿನ್ ಇವಿನ್‌ಸ್ಕಿ ಮತ್ತು ಮಿಹಾವ್ ಕಿಚಿನ್‌ಸ್ಕಿ ಎಂಬ ಇಬ್ಬರು ಶಾಲಾ ಗೆಳೆಯರು ವ್ಯಾಪಾರ ಕಲಿತದ್ದು ಅಲ್ಲಿಯೇ. ಅಮೆರಿಕದಿಂದ ಸೀಡಿ ತರಿಸಿ ಮಾರಲೆಂದು ಅವರು 1994ರಲ್ಲಿ ಸಿಡಿ ಪ್ರಾಜೆಕ್ಟ್ ಸ್ಥಾಪಿಸಿದರು.

ನಕಲು ಸೀಡಿ ಬೀದಿಯಲ್ಲೇ ಅಗ್ಗಕ್ಕೆ ಸಿಗುವಾಗ ಅಸಲಿಗೆ ಹೆಚ್ಚು ಹಣವನ್ನು ಏಕೆ ಕೊಡಬೇಕು? ತೊಂಬತ್ತರ ದಶಕದ ಬೆಂಗಳೂರಿನಲ್ಲಿ, ಮೆಜೆಸ್ಟಿಕ್ ಸುತ್ತಮುತ್ತ ಸೀಡಿ ಹುಡುಕಿದವರಿಗೂ ಅಪರಿಚಿತವಲ್ಲದ ಪ್ರಶ್ನೆ ಇದು. ಗೆಳೆಯರಿಬ್ಬರೂ ಇದಕ್ಕೆ 1999ರಲ್ಲಿ ಉತ್ತರ ಕಂಡುಕೊಂಡರು. ‘ಬಾಲ್ಡರ್ಸ್ ಗೇಟ್’ ಎಂಬ ದೀರ್ಘ ಆಟವನ್ನು ಸಂಪೂರ್ಣವಾಗಿ ಪೋಲಿಷ್ ಭಾಷೆಗೆ ತಂದು, ಹೆಸರಾಂತ ನಟರಿಂದ ಧ್ವನಿ ಕೊಡಿಸಿ, ನಕ್ಷೆ, ಪುಸ್ತಿಕೆ, ಸಂಗೀತದ ಸೀಡಿಗಳನ್ನು ಸೇರಿಸಿ ಒಂದು ಭರ್ಜರಿ ಪೆಟ್ಟಿಗೆಯಾಗಿ ಮಾರಿದರು. ಮೊದಲ ದಿನವೇ 18,000 ಪ್ರತಿಗಳು ಹೋದವು. ನಕಲು ಮಾಡುವವರನ್ನು ಹೆದರಿಸುವುದಕ್ಕಿಂತ, ಕೊಳ್ಳುವವರನ್ನು ಗೌರವದಿಂದ ಕಾಣುವುದು ಹೆಚ್ಚು ಲಾಭದಾಯಕ ಎಂಬ ಪಾಠ ಅಲ್ಲಿ ದೊರೆಯಿತು.

ಇದೇ ತರ್ಕವನ್ನು ಅಂತರ್ಜಾಲಕ್ಕೆ ಒಯ್ದಾಗ ಹುಟ್ಟಿದ್ದು 2008ರ ‘ಗುಡ್ ಓಲ್ಡ್ ಗೇಮ್ಸ್’, ಅಂದರೆ ಇಂದಿನ ಗಾಗ್. ಅಂಗಡಿಗಳಿಂದ ಮರೆಯಾದ ಹಳೆಯ ಆಟಗಳನ್ನು ಇಂದಿನ ಯಂತ್ರಗಳಲ್ಲಿ ಓಡುವಂತೆ ಸರಿಪಡಿಸಿ ಮಾರುವುದು ಅದರ ಕಸುಬು. ಆರಂಭದಲ್ಲಿ ಬೆಲೆಗಳು ಎರಡೇ ಇದ್ದವು: 5.99 ಡಾಲರ್ ಮತ್ತು 9.99 ಡಾಲರ್. ಈ ಕೆಲಸ ಕೇಳಿದಷ್ಟು ಸುಲಭದ್ದಲ್ಲ. ಇಪ್ಪತ್ತು ವರ್ಷ ಹಳೆಯ ಆಟದ ಹಕ್ಕು ಮುಳುಗಿಹೋದ ಕಂಪೆನಿಯಿಂದ ಅದನ್ನು ಕೊಂಡವರಿಗೆ, ಅವರಿಂದ ಮತ್ತೊಬ್ಬರಿಗೆ ದಾಟುತ್ತ ಹಲವು ಕೈಗಳಲ್ಲಿ ಹಂಚಿಹೋಗಿರುತ್ತದೆ. ಕೆಲವೊಮ್ಮೆ ಹಕ್ಕು ತಮ್ಮಲ್ಲಿದೆ ಎಂಬುದು ಹಕ್ಕುದಾರರಿಗೇ ತಿಳಿದಿರುವುದಿಲ್ಲ. ಅವರನ್ನು ಹುಡುಕಿ ಒಪ್ಪಿಸಬೇಕು. ಬಳಿಕ ಡಾಸ್ ಕಾಲದ ತಂತ್ರಾಂಶವನ್ನು ‘ಡಾಸ್‌ಬಾಕ್ಸ್’, ‘ಸ್ಕಮ್‌ವಿಎಂ’ಗಳಂತಹ ಉಚಿತ ಸಾಧನಗಳ ನೆರವಿನಿಂದ ಹೊಸ ವಿಂಡೋಸ್‌ಗೆ ಹೊಂದಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಬೀಗವಿಲ್ಲದ ಮಾರಾಟ. ಡಿಆರ್‌ಎಂ ಎಂದು ಕರೆಯುವ ನಕಲುತಡೆ ತಂತ್ರಜ್ಞಾನ ಗಾಗ್ ಮಾರುವ ಆಟಗಳಲ್ಲಿ ಇರುವುದಿಲ್ಲ. ಹಣ ಕೊಟ್ಟವರು ಸ್ಥಾಪನಾ ಕಡತವನ್ನು ಇಳಿಸಿಕೊಂಡು ತಮ್ಮ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು. ಅಂತರ್ಜಾಲ ಸಂಪರ್ಕ ಇಲ್ಲದೆಯೂ, ನಾಳೆ ಗಾಗ್ ಇಲ್ಲವಾದರೂ ಆಟ ನಡೆಯುತ್ತದೆ. ಕಾಗದದ ಮೇಲೆ ಗಾಗ್ ಕೊಡುವುದೂ ಪರವಾನಗಿಯನ್ನೇ. ಆದರೆ ಕಡತ ಕೊಂಡವರ ಮನೆಯಲ್ಲಿರುವುದರಿಂದ ಅದನ್ನು ಹಿಂದಕ್ಕೆ ಕಸಿದುಕೊಳ್ಳುವ ದಾರಿ ಮಳಿಗೆಗೆ ಇಲ್ಲ. ಸೇವೆ ನಿಲ್ಲಿಸಬೇಕಾಗಿ ಬಂದರೆ ಕಡತ ಇಳಿಸಿಕೊಳ್ಳಲು ಕನಿಷ್ಠ 60 ದಿನಗಳ ಮುನ್ಸೂಚನೆ ನೀಡಲು ಯತ್ನಿಸುವುದಾಗಿ ಅದರ ಕರಾರು ಹೇಳುತ್ತದೆ.

ಬೀಗವಿಲ್ಲದಿದ್ದರೆ ಎಲ್ಲರೂ ಕದಿಯುತ್ತಾರೆ ಎಂಬುದು ಉದ್ಯಮದ ಹಳೆಯ ವಾದ. ಸಿಡಿ ಪ್ರಾಜೆಕ್ಟ್ ತಾನೇ ತಯಾರಿಸಿದ ‘ದಿ ವಿಚರ್ 3’ ಆಟ 2015ರಲ್ಲಿ ಬಿಡುಗಡೆಯಾದ ದಿನವೇ ಗಾಗ್‌ನಲ್ಲಿ ಬೀಗವಿಲ್ಲದೆ ಮಾರಾಟಕ್ಕೆ ಬಂತು. 2023ರ ಹೊತ್ತಿಗೆ ಎಲ್ಲ ಮಳಿಗೆಗಳೂ ಸೇರಿ ಅದರ 5 ಕೋಟಿ ಪ್ರತಿಗಳು ಮಾರಾಟವಾಗಿದ್ದವು. ಒಂದು ಉದಾಹರಣೆಯಿಂದ ಎಲ್ಲವೂ ಸಾಬೀತಾಗದು, ನಿಜ. ಆದರೆ ಬೀಗ ತೆಗೆದೊಡನೆ ವ್ಯಾಪಾರ ಮುಳುಗುತ್ತದೆ ಎಂಬ ಮಾತು ಪೊಳ್ಳು ಎಂಬುದಕ್ಕೆ ಇಷ್ಟು ಸಾಕು.

ಮಾತಿಗೆ ಬಂದ ಪರೀಕ್ಷೆಗಳು

ಆಟಗಳು ಎಲ್ಲ ಮಳಿಗೆಗಳಲ್ಲೂ ಸಿಗುತ್ತವೆ. ಗಾಗ್‌ನ ನಿಜವಾದ ಬಂಡವಾಳ ಅದು ಗ್ರಾಹಕರಿಗೆ ಕೊಟ್ಟ ಮಾತು. ಈ ಮಾತನ್ನು ಅದು ಸದಾ ಉಳಿಸಿಕೊಂಡಿತೇ ಎಂದು ನೋಡಿದರೆ ದೊರೆಯುವ ಉತ್ತರ ಮಿಶ್ರವಾಗಿದೆ.

ಮೊದಲ ಆಘಾತ ನೀಡಿದ್ದು ಸ್ವತಃ ಮಳಿಗೆಯೇ. 2010ರ ಸೆಪ್ಟೆಂಬರ್‌ನಲ್ಲಿ ಅದರ ತಾಣ ಏಕಾಏಕಿ ಮುಚ್ಚಿತು. ಇನ್ನು ಈಗಿನ ರೂಪದಲ್ಲಿ ನಡೆಸಲಾಗದು ಎಂಬ ಒಕ್ಕಣೆಯಷ್ಟೇ ಅಲ್ಲಿ ಉಳಿದಿತ್ತು. ಹಣ ಕೊಟ್ಟೂ ಕಡತ ಇಳಿಸಿಕೊಳ್ಳದವರು ಕಂಗಾಲಾದರು. ಕೆಲವೇ ದಿನಗಳಲ್ಲಿ ಅದು ಹೊಸ ರೂಪದ ಬಿಡುಗಡೆಗಾಗಿ ಹೂಡಿದ ಪ್ರಚಾರದ ಆಟ ಎಂಬುದು ಬಯಲಾಯಿತು. ಸಂಸ್ಥೆಯ ಮುಖ್ಯಸ್ಥರು ಸಂನ್ಯಾಸಿಗಳ ವೇಷ ತೊಟ್ಟು ಕ್ಷಮೆ ಕೇಳಿದರು. ನಂಬಿಕೆಯನ್ನೇ ಮಾರುವ ಅಂಗಡಿ ನಂಬಿಕೆಯೊಡನೆ ಹುಡುಗಾಟ ಆಡಬಾರದು ಎಂಬುದು ಅಂದಿನ ಆಕ್ರೋಶದ ಸಾರವಾಗಿತ್ತು.

2014ರ ಫೆಬ್ರುವರಿಯಲ್ಲಿ, ಕೆಲವು ಹೊಸ ಆಟಗಳಿಗೆ ದೇಶಕ್ಕೊಂದು ಬೆಲೆ ನಿಗದಿಪಡಿಸುವುದಾಗಿ ಗಾಗ್ ಪ್ರಕಟಿಸಿತು. ಜಗತ್ತಿಗೆಲ್ಲ ಒಂದೇ ಬೆಲೆ ಎಂಬುದು ಅದು ಮೊದಲಿನಿಂದ ಹೇಳಿಕೊಂಡು ಬಂದಿದ್ದ ತತ್ವ. ಗ್ರಾಹಕರ ಪ್ರತಿಭಟನೆಯ ನಂತರ ಮಾರ್ಚ್ ಆರಂಭದಲ್ಲೇ ನಿರ್ಧಾರ ಹಿಂತೆಗೆಯಿತು. ಅದೇ ವರ್ಷ, ಹೆಚ್ಚು ಬೆಲೆ ತೆರಬೇಕಾದವರಿಗೆ ವ್ಯತ್ಯಾಸದ ಮೊತ್ತವನ್ನು ಖಾತೆಗೆ ಮರಳಿಸುವ ಏರ್ಪಾಡು ಜಾರಿಗೆ ಬಂತು. ಅದೂ ಬಹುಕಾಲ ಉಳಿಯಲಿಲ್ಲ. ವೆಚ್ಚ ಭರಿಸಲಾಗದು ಎಂದು 2019ರ ಮಾರ್ಚ್ ಅಂತ್ಯಕ್ಕೆ ಅದನ್ನು ಕೈಬಿಡಲಾಯಿತು. ಗ್ರಾಹಕರ ಒತ್ತಡಕ್ಕೆ ಮಣಿದು ಕೊಟ್ಟ ಸವಲತ್ತು ಲೆಕ್ಕಪತ್ರದ ಒತ್ತಡಕ್ಕೆ ಸಿಕ್ಕಿ ಮಾಯವಾಯಿತು.

2020ರ ಡಿಸೆಂಬರ್ 16ರ ಘಟನೆ ಇನ್ನೂ ಗಂಭೀರ. ತೈವಾನಿನ ರೆಡ್ ಕ್ಯಾಂಡಲ್ ಗೇಮ್ಸ್ ತಯಾರಿಸಿದ್ದ ‘ಡಿವೋಷನ್’ ಎಂಬ ಆಟದಲ್ಲಿ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಅವರನ್ನು ಅಣಕಿಸುವ ಚಿತ್ರವೊಂದು ಕಂಡುಬಂದಿತ್ತು. ಚೀನೀ ಆಟಗಾರರ ಆಕ್ರೋಶದ ಬಳಿಕ 2019ರಲ್ಲಿ ಅದು ಸ್ಟೀಮ್‌ನಿಂದ ಮರೆಯಾಯಿತು. ತಾನು ಅದನ್ನು ಮಾರುವುದಾಗಿ ಗಾಗ್ ಘೋಷಿಸಿತು. ಕೆಲವೇ ಗಂಟೆಗಳಲ್ಲಿ, ಆಟಗಾರರಿಂದ ಹಲವು ಸಂದೇಶಗಳು ಬಂದಿವೆ ಎಂಬ ಕಾರಣ ನೀಡಿ ಹಿಂದೆ ಸರಿಯಿತು. ಗ್ರಾಹಕರ ಮಾತು ಕೇಳುತ್ತೇವೆ ಎಂಬ ಘೋಷಣೆಯನ್ನೇ ಸೆನ್ಸಾರ್‌ಶಿಪ್‌ಗೆ ಹೊದಿಕೆಯಾಗಿ ಬಳಸಲಾಯಿತು ಎಂಬ ಟೀಕೆಗೆ ಗಾಗ್ ಗುರಿಯಾಯಿತು. 2021ರ ಮಾರ್ಚ್‌ನಲ್ಲಿ ತೈವಾನಿನ ತಂಡ ತನ್ನದೇ ತಾಣದಲ್ಲಿ ಆ ಆಟವನ್ನು, ಬೀಗವಿಲ್ಲದೆಯೇ, ಮಾರತೊಡಗಿತು.

2021ರ ಸೆಪ್ಟೆಂಬರ್‌ನಲ್ಲಿ ಮಾರಾಟಕ್ಕೆ ಬಂದ ‘ಹಿಟ್‌ಮ್ಯಾನ್’ ಆಟದ ಹಲವು ಭಾಗಗಳಿಗೆ ಅಂತರ್ಜಾಲ ಸಂಪರ್ಕ ಕಡ್ಡಾಯವಾಗಿತ್ತು. ಇದು ಬೀಗವಲ್ಲದೆ ಮತ್ತೇನು ಎಂದು ಗ್ರಾಹಕರು ತರಾಟೆಗೆ ತೆಗೆದುಕೊಂಡರು. ಎರಡು ವಾರಗಳ ಬಳಿಕ ಗಾಗ್ ಆ ಆಟವನ್ನು ತೆಗೆದುಹಾಕಿ, ಕೊಂಡವರಿಗೆ ಹಣ ಮರಳಿಸಲು ಮುಂದಾಯಿತು. ಮಳಿಗೆ ನಷ್ಟದಲ್ಲಿದೆ ಎಂದು ಅದೇ ವರ್ಷದ ನವೆಂಬರ್‌ನಲ್ಲಿ ಒಪ್ಪಿಕೊಂಡ ಮಾತೃಸಂಸ್ಥೆ, ಮತ್ತೆ ತನ್ನ ಮೂಲ ಕಸುಬಿಗೇ ಗಮನ ಕೊಡುವುದಾಗಿ ಹೇಳಿತು. 2024ರ ನವೆಂಬರ್‌ನಲ್ಲಿ ನೂರು ಆಟಗಳೊಂದಿಗೆ ಆರಂಭವಾದ ಸಂರಕ್ಷಣಾ ಯೋಜನೆ ಆ ಮಾತಿನ ಮುಂದುವರಿಕೆ. ಆಯ್ದ ಹಳೆಯ ಆಟಗಳನ್ನು ಮುಂದಿನ ಯಂತ್ರಗಳಲ್ಲೂ ಓಡುವಂತೆ ತಾನೇ ನಿರ್ವಹಿಸುವ ಹೊಣೆಯನ್ನು ಗಾಗ್ ಇದರಲ್ಲಿ ಹೊತ್ತಿದೆ. ಇದಕ್ಕೆ ಮಹತ್ವವಿದೆ. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುತ್ತಿಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದೆ.

ಈ ಘಟನಾವಳಿಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಗಾಗ್ ದಾರಿ ತಪ್ಪಿದಾಗಲೆಲ್ಲ ಅದರ ಕೈಹಿಡಿದು ಜಗ್ಗಿದವರು ಗ್ರಾಹಕರು. ಆದರೆ ಪ್ರತಿಬಾರಿಯೂ ಅವರು ಕೂಗಬೇಕಾಯಿತು, ಕೂಗು ಪ್ರತಿಬಾರಿಯೂ ಫಲಿಸಲಿಲ್ಲ. ಕೂಗಿನಿಂದಲೇ ಉಳಿಯುವ ಸವಲತ್ತನ್ನು ಹಕ್ಕು ಎನ್ನಲಾಗದು.

ನ್ಯಾಯಾಲಯದ ಬಾಗಿಲಲ್ಲಿ

ಹಾಗಾದರೆ ಕಾನೂನು ಏನು ಹೇಳುತ್ತದೆ? ಇದಕ್ಕೆ ದೇಶಕ್ಕೊಂದು ಉತ್ತರ ಸಿಗುತ್ತಿದೆ.

ಆಸ್ಟ್ರೇಲಿಯಾದ ಗ್ರಾಹಕ ಆಯೋಗ 2014ರಲ್ಲಿ ವಾಲ್ವ್ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ದೋಷವಿದ್ದರೂ ಹಣ ಮರಳಿಸುವುದಿಲ್ಲ ಎಂಬ ಷರತ್ತು ಅಲ್ಲಿನ ಗ್ರಾಹಕ ಕಾನೂನಿಗೆ ವಿರುದ್ಧ ಎಂಬುದು ಆಯೋಗದ ವಾದ. ಡಿಜಿಟಲ್ ಆಟವೂ ‘ಸರಕು’ ಎಂದೇ ಪರಿಗಣಿಸಿದ ಫೆಡರಲ್ ನ್ಯಾಯಾಲಯ 2016ರಲ್ಲಿ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಮೊಕದ್ದಮೆ ನಡೆಯುತ್ತಿದ್ದಾಗಲೇ, 2015ರ ಜೂನ್‌ನಲ್ಲಿ, ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಮರಳಿಸುವ ನಿಯಮವನ್ನು ಸ್ಟೀಮ್ ಜಗತ್ತಿನಾದ್ಯಂತ ಜಾರಿಗೆ ತಂದಿತ್ತು.

ಫ್ರಾನ್ಸಿನಲ್ಲಿ ಗ್ರಾಹಕರಿಗೆ ಸೋಲಾಯಿತು. ಡಿಜಿಟಲ್ ಆಟವನ್ನು ಮರುಮಾರಾಟ ಮಾಡುವ ಹಕ್ಕು ಕೊಂಡವರಿಗೆ ಇದೆ ಎಂದು ಪ್ಯಾರಿಸ್ ನ್ಯಾಯಾಲಯ 2019ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತಾಗ ಉದ್ಯಮ ಬೆಚ್ಚಿತ್ತು. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು, 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಹಳೆಯ ಸೀಡಿ ಸವೆಯುತ್ತದೆ, ಡಿಜಿಟಲ್ ಪ್ರತಿ ಸವೆಯುವುದಿಲ್ಲ. ಹೀಗಾಗಿ ಮರುಮಾರಾಟಕ್ಕೆ ಅವಕಾಶ ಕೊಟ್ಟರೆ ಹೊಸ ಪ್ರತಿಯನ್ನು ಯಾರೂ ಕೊಳ್ಳುವುದಿಲ್ಲ ಎಂಬ ತಯಾರಕರ ವಾದದಲ್ಲಿ ಹುರುಳಿಲ್ಲದಿಲ್ಲ.

ಕ್ಯಾಲಿಫೋರ್ನಿಯಾ ರಾಜ್ಯ ಮಧ್ಯಮ ಮಾರ್ಗ ಹಿಡಿದಿದೆ. 2025ರ ಜನವರಿ 1ರಿಂದ ಜಾರಿಯಲ್ಲಿರುವ ಅಲ್ಲಿನ ಕಾಯ್ದೆಯ ಪ್ರಕಾರ, ಸಿಗುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಪದಾರ್ಥಕ್ಕೆ ‘ಖರೀದಿಸಿ’ ಎಂಬ ಪದ ಬಳಸುವಂತಿಲ್ಲ. ಶಾಶ್ವತವಾಗಿ ಇಳಿಸಿಕೊಂಡು, ಸಂಪರ್ಕವಿಲ್ಲದೆಯೂ ಬಳಸಬಹುದಾದ ಪದಾರ್ಥಗಳಿಗೆ ವಿನಾಯಿತಿಯಿದೆ. ಅಂದರೆ ಗಾಗ್ ಅನುಸರಿಸುವ ಮಾದರಿಯೇ ‘ಖರೀದಿ’ ಎಂಬ ಹೆಸರಿಗೆ ಅರ್ಹವಾದ ಮಾದರಿ ಎಂದು ಶಾಸನವೇ ಒಪ್ಪಿಕೊಂಡಂತಾಯಿತು. ಆದರೂ ಇದು ಕೇವಲ ಲೇಬಲ್ ಅಂಟಿಸುವ ಕಾಯ್ದೆ. ಕೊಂಡವರಿಗೆ ಸತ್ಯ ತಿಳಿಯುತ್ತದೆ, ಆಟ ಉಳಿಯುವುದಿಲ್ಲ.

ಆಟ ಉಳಿಯಬೇಕು ಎಂಬ ಬೇಡಿಕೆ ಗಟ್ಟಿಯಾದದ್ದು ಯೂರೋಪಿನಲ್ಲಿ. ಯೂಬಿಸಾಫ್ಟ್ ಕಂಪೆನಿ 2014ರಲ್ಲಿ ಬಿಡುಗಡೆ ಮಾಡಿದ್ದ ‘ದಿ ಕ್ರೂ’ ಎಂಬ ಕಾರು ಓಟದ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿತು. ಒಬ್ಬರೇ ಆಡುವುದಕ್ಕೂ ಸರ್ವರ್ ಬೇಕಿದ್ದ ಕಾರಣ, ಡಿಸ್ಕ್ ಇದ್ದವರಿಗೂ ಆಟ ಇಲ್ಲವಾಯಿತು. ಇದರಿಂದ ಕೆರಳಿದ ಆಟಗಾರರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿ ಆರಂಭಿಸಿದರು. ಸೇವೆ ನಿಲ್ಲಿಸುವಾಗ ಆಟವನ್ನು ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಬೇಕು ಎಂಬುದು ಅವರ ಬೇಡಿಕೆ. ಯೂರೋಪಿಯನ್ ಆಯೋಗಕ್ಕೆ ಸಲ್ಲಿಸಲೆಂದು 2025ರ ಜುಲೈ ಅಂತ್ಯದವರೆಗೆ ನಡೆದ ಸಹಿ ಸಂಗ್ರಹ ಅಗತ್ಯವಾದ 10 ಲಕ್ಷದ ಮಿತಿಯನ್ನು ಸಾಕಷ್ಟು ಅಂತರದಿಂದ ದಾಟಿತು. ಸರ್ವರ್ ನಡೆಸಲು ಹಣ ಬೇಕು, ಆಟದಲ್ಲಿ ಬಳಸಿದ ಸಂಗೀತ ಹಾಗೂ ಕಾರುಗಳ ಹೆಸರಿನ ಪರವಾನಗಿಗೆ ಅವಧಿಯಿದೆ ಎಂಬ ಉದ್ಯಮದ ಸಬೂಬುಗಳು ಸುಳ್ಳಲ್ಲ. ಆದರೆ ಚಳವಳಿ ಕೇಳುತ್ತಿರುವುದು ಅನಂತಕಾಲದ ಸೇವೆಯನ್ನಲ್ಲ. ಅಂಗಡಿ ಮುಚ್ಚುವುದಾದರೆ ಮುಚ್ಚಿ, ಮಾರಿದ ಸಾಮಾನನ್ನು ಹೊತ್ತೊಯ್ಯಬೇಡಿ ಎಂದಷ್ಟೇ ಅದು ಕೇಳುತ್ತಿದೆ.

ಬೆಂಗಳೂರಿನಿಂದ ಹೊರಟ ವ್ಯಾಜ್ಯ

ಭಾರತದ ಆಟಗಾರರಿಗೂ ಇದರ ಬಿಸಿ ತಟ್ಟಿದೆ. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್‌ಜಿಯೂ ಒಂದಾಗಿತ್ತು. ಅದರ ಅಂದಿನ ಭಾರತೀಯ ಸೇವೆ ಅಕ್ಟೋಬರ್ 30ಕ್ಕೆ ಪೂರ್ತಿ ನಿಂತಿತು. ಉಡುಪು, ಆಯುಧಗಳ ಅಲಂಕಾರಕ್ಕೆಂದು ಮೊಬೈಲ್‌ನಲ್ಲಿ ಹಣ ತೆತ್ತಿದ್ದ ಹುಡುಗರ ಪಾಲಿಗೆ ಅವು ಒಂದೇ ದಿನದಲ್ಲಿ ಕೈಗೆಟುಕದಾದವು. ಮರುವರ್ಷ ಬೇರೆ ಹೆಸರಿನಲ್ಲಿ ಬಂದ ಆವೃತ್ತಿಯೂ 2022ರ ಜುಲೈನಲ್ಲಿ ಮಳಿಗೆಗಳಿಂದ ಮಾಯವಾಗಿ, 2023ರ ಮೇ ತಿಂಗಳಲ್ಲಷ್ಟೇ ಮರಳಿತು. ನಿಷೇಧದ ಸರಿತಪ್ಪು ಬೇರೆ ಚರ್ಚೆ. ಕೊಂಡ ಪದಾರ್ಥ ಸದಾ ಇನ್ನೊಬ್ಬರ ಯಂತ್ರದಲ್ಲಿಯೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ತಕ್ಕ ನಿದರ್ಶನ.

ತಂತ್ರಾಂಶವನ್ನು ಕೊಂಡವರು ನಿಜವಾಗಿ ಏನನ್ನು ಕೊಂಡರು ಎಂಬ ಪ್ರಶ್ನೆ ಭಾರತದ ನ್ಯಾಯಾಲಯಗಳಿಗೆ ಹೊಸದೇನಲ್ಲ. ಸೀಡಿಯಲ್ಲಿ ತುಂಬಿ ಮಾರುವ ಸಿದ್ಧ ತಂತ್ರಾಂಶ ‘ಸರಕು’ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ, ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಪ್ರಕರಣದಲ್ಲಿ ಹೇಳಿತ್ತು. ಎರಡನೆಯ ವ್ಯಾಜ್ಯದ ಮೂಲ ಇರುವುದು ಬೆಂಗಳೂರಿನಲ್ಲಿ. ವಿದೇಶಿ ತಂತ್ರಾಂಶಕ್ಕೆ ತೆತ್ತ ಹಣ ಹಕ್ಕುಸ್ವಾಮ್ಯದ ರಾಯಧನ, ಆದ್ದರಿಂದ ಮೂಲದಲ್ಲೇ ತೆರಿಗೆ ಕಡಿತವಾಗಬೇಕು ಎಂಬ ಆದಾಯ ತೆರಿಗೆ ಇಲಾಖೆಯ ನಿಲುವನ್ನು ಕರ್ನಾಟಕ ಹೈಕೋರ್ಟ್ 2011ರಲ್ಲಿ ಒಪ್ಪಿತ್ತು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಮಾರ್ಚ್ 2ರಂದು ಈ ನಿಲುವನ್ನು ತಳ್ಳಿಹಾಕಿತು. ಕರಾರಿನಲ್ಲಿ ‘ಪರವಾನಗಿ’ ಎಂಬ ಪದ ಇದ್ದ ಮಾತ್ರಕ್ಕೆ ಹಕ್ಕುಸ್ವಾಮ್ಯ ದಾಟುವುದಿಲ್ಲ, ಸಾಮಾನ್ಯ ಬಳಕೆದಾರರ ಮಟ್ಟಿಗೆ ಅದು ಸರಕಿನ ಮಾರಾಟವೇ ಎಂಬುದು ಆ ತೀರ್ಪಿನ ತಿರುಳು.

ಇದು ತೆರಿಗೆಯ ವ್ಯಾಜ್ಯ. ಆಟದ ಮಳಿಗೆಯ ಗ್ರಾಹಕರಿಗೆ ನೇರವಾಗಿ ಅನ್ವಯವಾಗುತ್ತದೆ ಎಂದು ಹೇಳುವಂತಿಲ್ಲ. ಆದರೂ ಕರಾರಿನ ಪದವನ್ನಷ್ಟೇ ನೋಡದೆ ವ್ಯವಹಾರದ ನಿಜರೂಪವನ್ನು ನೋಡಬೇಕು ಎಂಬ ಅದರ ದೃಷ್ಟಿ ಗ್ರಾಹಕರಿಗೂ ಆಸರೆಯಾಗಬಲ್ಲದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ‘ಅನ್ಯಾಯದ ಕರಾರು’ ಎಂಬ ಪರಿಕಲ್ಪನೆಯಿದೆ. ಸಮಂಜಸ ಕಾರಣವಿಲ್ಲದೆ ಒಪ್ಪಂದವನ್ನು ಏಕಪಕ್ಷೀಯವಾಗಿ ಕೊನೆಗೊಳಿಸುವ ಅಧಿಕಾರವನ್ನು ಒಂದು ಪಕ್ಷಕ್ಕೆ ಕೊಡುವ ಷರತ್ತು ಅದರ ವ್ಯಾಪ್ತಿಗೆ ಬರುತ್ತದೆ. 2020ರ ಇ-ವಾಣಿಜ್ಯ ನಿಯಮಗಳು ಡಿಜಿಟಲ್ ಉತ್ಪನ್ನಗಳಿಗೂ ಅನ್ವಯಿಸುತ್ತವೆ. ಅಂದರೆ ಆಯುಧ ಕೈಯಲ್ಲೇ ಇದೆ. ಅದನ್ನು ಬಳಸುವ ಇಚ್ಛೆ ಗ್ರಾಹಕ ಸಂಘಟನೆಗಳಿಗೂ ಆಯೋಗಗಳಿಗೂ ಇರಬೇಕಷ್ಟೇ.

ಆಟದಾಚೆಗಿನ ಮಾತು

ಮಕ್ಕಳಾಟದ ವಿಷಯಕ್ಕೆ ಇಷ್ಟೆಲ್ಲ ಚರ್ಚೆಯೇ ಎಂಬ ಉದಾಸೀನ ಸಲ್ಲದು. ಸಿನಿಮಾ, ಸಂಗೀತ, ಪುಸ್ತಕಗಳೆಲ್ಲ ಇದೇ ದಾರಿಯಲ್ಲಿವೆ. 2009ರಲ್ಲಿ ಅಮೆಜಾನ್ ಕಂಪೆನಿ, ಹಕ್ಕಿನ ತಕರಾರಿನ ಕಾರಣ, ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯ ಪ್ರತಿಗಳನ್ನು ಗ್ರಾಹಕರ ಕಿಂಡಲ್‌ಗಳಿಂದ ಅವರಿಗರಿವಿಲ್ಲದಂತೆ ಅಳಿಸಿಹಾಕಿತ್ತು. ಹಣ ಮರಳಿಸಿತು, ಕ್ಷಮೆಯನ್ನೂ ಕೇಳಿತು. ಆದರೆ ಮಾರಿದವರ ಕೈ ಕೊಂಡವರ ಕಪಾಟಿನವರೆಗೂ ಚಾಚುತ್ತದೆ ಎಂಬುದು ಅಂದೇ ತಿಳಿದುಹೋಯಿತು. ಕನ್ನಡದ ಇ-ಪುಸ್ತಕ, ಧ್ವನಿಪುಸ್ತಕಗಳ ಮಾರುಕಟ್ಟೆ ಬೆಳೆಯುತ್ತಿರುವ ಈ ಹೊತ್ತಿನಲ್ಲಿ ಇಲ್ಲಿನ ಓದುಗರೂ ಪ್ರಕಾಶಕರೂ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ.

ಪೋಲೆಂಡಿನ ಮಳಿಗೆ ಹದಿನೇಳು ವರ್ಷಗಳಲ್ಲಿ ತೋರಿಸಿಕೊಟ್ಟಿದ್ದು ಇಷ್ಟು: ಬೀಗ ಹಾಕದೆಯೂ ವ್ಯಾಪಾರ ಸಾಧ್ಯ, ಆದರೆ ಆ ವ್ಯಾಪಾರ ಸುಲಭದ್ದಲ್ಲ. ಈಗ ಅದರ ಚುಕ್ಕಾಣಿ ಸ್ಥಾಪಕರೊಬ್ಬರ ಕೈಗೆ ಮರಳಿದೆ. ಅವರು ಮಾತು ಉಳಿಸಿಕೊಳ್ಳಬಹುದು, ಅವರ ನಂತರ ಬರುವವರು ಉಳಿಸಿಕೊಳ್ಳದಿರಲೂಬಹುದು. ಒಳ್ಳೆಯ ಅಂಗಡಿಯವರು ಸಿಗುವುದು ಗ್ರಾಹಕರ ಅದೃಷ್ಟ. ಅಂಗಡಿಯವರು ಎಂಥವರೇ ಆಗಿರಲಿ, ಕೊಂಡ ಸಾಮಾನು ಕೊಂಡವರದೇ ಎಂಬುದು ಕಾನೂನು ಕೊಡಬೇಕಾದ ರಕ್ಷಣೆ. ಅಂಥ ಕಾನೂನು ಬರುವವರೆಗೆ, ಕಡತ ಇಳಿಸಿಕೊಳ್ಳಲು ಅವಕಾಶ ಇರುವಲ್ಲೆಲ್ಲ ಇಳಿಸಿ ಇಟ್ಟುಕೊಳ್ಳುವುದೇ ಗ್ರಾಹಕರಿಗೆ ಕ್ಷೇಮ.